ಎದ್ದು ನಿಂತವಳು

“ಎದ್ದು!” ಎಂದ ಹೊಸ ಮೇಷ್ಟ್ರು.

ಗುಂಡಮ್ಮ ಎದ್ದು ನಿಂತಳು.

“ಕೂರ್ಚೋ,” ಎಂದ. ಕುಳಿತಳು. ಅವನು ಗೋಡೆಯ ಮೇಲಿನ ಎತ್ತಿನ ಚಿತ್ರಕ್ಕೆ ಕೋಲು ತಾಗಿಸಿ ಮತ್ತೆ “ಎದ್ದು!” ಎಂದಾಗ, ಹುಡುಗಿ ಮತ್ತೆ ನಿಂತಳು. ತರಗತಿ ಘೊಳ್ಳೆಂದಿತು. ಅವನೂ ನಕ್ಕುಬಿಟ್ಟ!

ತೆಲುಗಿನಲ್ಲಿ ‘ಎದ್ದು’ ಎಂದರೆ ಎತ್ತು. ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದವರ ಮಗಳಿಗೆ ಅದು ಹೇಗೆ ತಿಳಿಯಬೇಕು?

ಬಾಗಿಲಲ್ಲಿ ದಾನೇಶ್ವರಿ ನಿಂತಿದ್ದಳು. ಅದೇ ಕೂಲಿಕಾರರ ಶೆಡ್ಡಿನಲ್ಲಿ ಬೆಳೆದು, ಹಟ ಹಿಡಿದು ಓದಿ, ಹೈದರಾಬಾದಿನ ಅಂಚಿನ ಈ ಹಳ್ಳಿಶಾಲೆಗೆ ಕನ್ನಡದ ಮಕ್ಕಳಿಗೆ ನೆರವಾಗಲು ದಿನಾ ಬರುತ್ತಿದ್ದವಳು.

“ಬಾ ಗುಂಡಿ, ಹೊರಗ ಬಾ. ಕಂಬಕ್ಕ ಅಂಗಿ ತೊಡಿಸಿ ಮೇಷ್ಟ್ರು ಅಂತ ಕಳಿಸ್ಯಾರ, ಅದಕ್ಕೇನು ತಿಳೀತೈತಿ?” ಅವನಿಗೆ ಕನ್ನಡ ಬಾರದೆಂದುಕೊಂಡೇ ಅಂದಳು.

ಮೇಷ್ಟ್ರು ಕೌಸ್ತುಭನ ಕಿವಿ ಕೆಂಪಾಯಿತು. ತೆಲುಗಿನಲ್ಲಿ ಏನೋ ತೊದಲಿ ಕ್ಷಮೆ ಕೇಳಿದ.

ಮರುದಿನದಿಂದ ಅವನು ಗುಂಡಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡ. ಊಟದ ಹೊತ್ತಿನಲ್ಲೂ ಅವಳಿಗೆ ಅಕ್ಷರ ತಿದ್ದಿಸಿದ. ದಾನೇಶ್ವರಿಯ ಸಿಟ್ಟು ಕರಗಿತು. ಅವನು ಬರುವ ಬಸ್ಸಿನ ಸದ್ದಿಗೆ ಎದೆ ಯಾಕೆ ಹೀಗೆ ಹಾರುತ್ತದೆ...?

ಒಂದು ದಿನ ಅವನು ಮರೆಯಲ್ಲಿ ನಿಂತು ಫೋನಿನಲ್ಲಿ ತಾಯಿಯೊಡನೆ ಮಾತಾಡುವುದು ಕೇಳಿಸಿತು: “ಹೂಂ ಆಯೀ, ಭಕ್ರಿ ತಿಂದೆ. ಸಂಜೀಕ ಹಿಮಾಯತ್‌ನಗರದಾಗ ಇಳದು ಔಷಧ ತರ್ತೀನಿ.”

ದಾನೇಶ್ವರಿ ನೇರ ಅವನೆದುರು ಹೋಗಿ ನಿಂತಳು.

“ಕನ್ನಡ ಬರ್ತೈತಿ ನಿಮಗ! ತಿಳಿದೂ ನಕ್ಕಿರಿ?”

“ಮನಿ ಹೊಸ್ತಿಲು ದಾಟಿದ ಮ್ಯಾಲೆ ಕನ್ನಡ ಬ್ಯಾಡ ಅಂತ ಬೆಳಿಸ್ಯಾರ್ರಿ. ಸಾಲ್ಯಾಗ ನನ್ನೂ ಆಡಿಕೊಂಡಿದ್ರು. ಅಂಜಿಕಿ...”

“ಅಂಜಿಕಿ ನಿಮದು. ಅನುಭವಿಸೋದು ಈ ಕೂಸು!”

ಅಂದಿನಿಂದ ಅವನತ್ತ ನೋಡಲಿಲ್ಲ. ರಾತ್ರಿ ಮಾತ್ರ ದಿಂಬು ಒದ್ದೆಯಾಗುತ್ತಿತ್ತು.

ಆಮೇಲೆ ಹೆಡ್‌ಮಾಸ್ತರರು ತೀರ್ಮಾನ ಹೇಳಿದರು. ಗುಂಡಮ್ಮನಿಗೆ ತೆಲುಗು ಬಾರದು. ನಾಲ್ಕನೆಯ ತರಗತಿಯಿಂದ ಒಂದನೆಯದಕ್ಕೆ ಹೋಗಲಿ!

ಅವಳ ಅಪ್ಪ ತಾಯಪ್ಪ ತಲೆ ತಗ್ಗಿಸಿದ. “ಸಣ್ಣ ಕೂಸುಗಳ ಜೋಡಿ ಕೂಡೋದಾದ್ರ ಸಾಲೀನೇ ಬ್ಯಾಡ್ರಿ. ತಮ್ಮನ್ನ ಆಡಿಸ್ಕೊಂತ ಕೆಲಸದ ಜಾಗದಾಗ ಇರ್ತಾಳ.” ಕಂಕುಳಲ್ಲಿದ್ದ ಮಗುವನ್ನು ಮಗಳ ಕೈಗಿಟ್ಟ.

ದಾನೇಶ್ವರಿ ನಡುವೆ ಬಂದು ನಿಂತಳು. ತನ್ನನ್ನೂ ಹೀಗೆಯೇ ಕೆಳಗಿಳಿಸಿದ್ದರಲ್ಲ! ಮೊಣಕಾಲು ಗದ್ದಕ್ಕೆ ತಾಗುವಂತೆ ಪುಟ್ಟ ಬೆಂಚಿನಲ್ಲಿ ಕುಳಿತಿದ್ದಳು. ಓದು ಬಿಡುವುದಿಲ್ಲವೆಂದು ಸತ್ತ ಅವ್ವನಿಗೆ ಇಟ್ಟ ಆಣೆಗಾಗಿ ಎದ್ದು ಹೋಗಿರಲಿಲ್ಲ.

“ಆಕಿ ಎಲ್ಲೂ ಹೋಗಂಗಿಲ್ಲ!”

“ಅದನ್ನು ಹೇಳಲು ನೀನು ಯಾರಮ್ಮ?” ಎಂದರು ಹೆಡ್‌ಮಾಸ್ತರರು ತೆಲುಗಿನಲ್ಲಿ.

ಆಗ ಕೌಸ್ತುಭ ಮುಂದೆ ಬಂದ. ಬೋರ್ಡಿನ ಮೇಲೊಂದು ಲೆಕ್ಕ ಬರೆದು ಎಲ್ಲರೆದುರು ಕನ್ನಡದಲ್ಲಿ ಹೇಳಿದ: “ಗುಂಡಮ್ಮಾ, ಬಾರವ್ವ. ಈ ಭಾಗಾಕಾರ ಮಾಡಿ ತೋರಸು. ನಮ್ಮ ಮಾತಿನ್ಯಾಗ ಹೇಳು.”

ತಮ್ಮನನ್ನು ಸೊಂಟದಲ್ಲಿಟ್ಟುಕೊಂಡೇ ಹುಡುಗಿ ಬೋರ್ಡಿನ ಮೇಲೆ ಬರೆದಳು. ಪ್ರತಿ ಹೆಜ್ಜೆ ಹೇಳಿದಳು. ಶೇಷ ಸೊನ್ನೆ!

“ಇವಳಿಗೆ ಪಾಠ ಬರುತ್ತದೆ ಸರ್, ಭಾಷೆಯಷ್ಟೇ ಬರದು. ಕಲಿಸುವ ಭಾಷೆ ನನ್ನ ಬಾಯಲ್ಲಿತ್ತು, ನಾನೇ ಮುಚ್ಚಿಟ್ಟೆ. ಇವಳನ್ನು ಇಳಿಸುವುದಾದರೆ ನಾಲ್ಕನೆಯ ತರಗತಿಗೆ ನಾನೂ ಹೋಗುವುದಿಲ್ಲ,” ಎಂದ ತೆಲುಗಿನಲ್ಲಿ.

ಹೆಡ್‌ಮಾಸ್ತರರು ಬೋರ್ಡಿನ ಲೆಕ್ಕವನ್ನು ಮೇಲಿಂದ ಕೆಳಗೆ ಪರೀಕ್ಷಿಸಿದರು. “ಸರಿ. ಅಲ್ಲೇ ಇರಲಿ. ತೆಲುಗು ಕಲಿಸುವ ಹೊಣೆ ನಿಮ್ಮದು.”

ತಾಯಪ್ಪ ಮಗುವನ್ನು ಮಗಳ ಸೊಂಟದಿಂದ ತನ್ನ ಹೆಗಲಿಗೆ ಎತ್ತಿಕೊಂಡ.

ಹೊರಗೆ ಕೌಸ್ತುಭ ದಾನೇಶ್ವರಿಯ ಹಿಂದೆಯೇ ಬಂದ. “ದಾನೇಶ್ವರಿ... ನೀವು ನನ್ನ ಕಂಬ ಅಂದ ದಿನದಿಂದ ಮನಸಿನ್ಯಾಗ ಇದ್ದೀರಿ. ನಿಮ್ಮನ್ನ ಮದುವಿ ಆಗಬೇಕಂತೀನಿ.”

ಅವಳು ಗದ್ದ ಎತ್ತಿ ಕೇಳಿದಳು: “ಕೂಲಿಯವರ ಮಗಳು ಅಂತ ನಿಮ್ಮ ಆಯಿಗೆ ಹೇಳೀರೇನು?”

“ಹೇಳೀನ್ರಿ. ಸೋಮವಾರದಿಂದ ನನ್ನ ಜೋಡಿ ಮಾತು ಬಿಟ್ಟಾರ. ದೇವರಮನಿ ಬಿಟ್ಟು ಹೊರಗ ಬಂದಿಲ್ಲ.”

“ಮತ್ತ?”

“ಮತ್ತೇನ್ರಿ? ಅವರ ಪೂಜಾ ಮುಗಿಯೂತನಕ ಬಾಗಿಲದಾಗ ಕೂಡ್ತೀನಿ. ದಿನಾ ಕೂಡ್ತೀನಿ.”

ಅವಳ ಕಣ್ಣು ತುಂಬಿತು... ತುಟಿಯಲ್ಲಿ ನಗು.

“ಒಬ್ಬರ ಯಾಕ ಕೂಡ್ತೀರಿ? ನಾನೂ ಬರ್ತೀನಿ. ಸರದು ಜಾಗಾ ಕೊಡ್ರಿ, ಅಷ್ಟ!”