ಸಣ್ಣ ಕೊಳದ ನೀರು

ಬೆಳಿಗ್ಗೆ ಏಳಕ್ಕೆ ಮೀನು ಸಾಕಣೆ ಕೇಂದ್ರದ ಮಾಲೀಕನ ಹೆಂಡತಿ ಬರಿಗಾಲಲ್ಲೇ ಠಾಣೆಗೆ ಓಡಿಬಂದಳು. ಗಂಡನ ಹೆಣ ದೊಡ್ಡ ಕೊಳದಲ್ಲಿ ತೇಲುತ್ತಿತ್ತು. ಠಾಣೆಯ ಬರಹಗಾರ ತನ್ನ ಚಪ್ಪಲಿ ಬಿಚ್ಚಿ ಆಕೆಯ ಕಾಲ ಬಳಿ ಸರಿಸಿದ. ಆಮೇಲೆ ದೂರು ಬರೆದುಕೊಂಡ. ಎಫ್‌ಐಆರ್ ದಾಖಲಾಯಿತು.

ಹೆಣವನ್ನು ದಡಕ್ಕೆ ಎಳೆದಾಗ ಹೆಡ್ ಕಾನ್‌ಸ್ಟೇಬಲ್ ಮುಖ ತಿರುಗಿಸಿದ. ತಲೆಯ ಹಿಂಭಾಗ ಒಡೆದು ಮೂಳೆ ಒಳಗೆ ಕುಸಿದಿತ್ತು. ಎರಡೂ ಕಿವಿಗಳ ಕೆಳಗೆ ಕತ್ತನ್ನು ಸೀಳಲಾಗಿತ್ತು. ತುಟಿಗಳನ್ನು ಮೀನುಗಳು ತಿಂದಿದ್ದವು.

“ಇಲ್ಲಿ ಮೀನು ಕೊಲ್ಲೋದೂ ಹೀಗೇ ಸಾರ್. ತಲೆಗೆ ಮರದ ಕೊಡತಿಯಲ್ಲಿ ಒಂದೇಟು, ಆಮೇಲೆ ಕಿವಿರು ಸೀಳೋದು” ಎಂದ ಹೆಡ್ ಕಾನ್‌ಸ್ಟೇಬಲ್.

“ಹಾಗಾದ್ರೆ ಕೆಲಸದವರನ್ನೆಲ್ಲ ಜೀಪಿಗೆ ತುಂಬು” ಎಂದು ಇನ್ಸ್‌ಪೆಕ್ಟರ್ ಗೊಣಗಿದ.

ಪಂಚನಾಮೆ ನಡೆಯಿತು. ರಕ್ತ ಹೆಪ್ಪುಗಟ್ಟಿದ್ದು ಮಾಲೀಕನ ಮನೆಯ ಹಿಂದಿನ ಸಣ್ಣ ಕೊಳದ ಅಂಚಿನಲ್ಲಿ. ಹುಲ್ಲಿನಲ್ಲಿ ಒಂದು ಹಲ್ಲು ಬಿದ್ದಿತ್ತು. ಹೆಣ ಎಳೆದ ಗುರುತು ಅಲ್ಲಿಂದ ನಡುವಿನ ಮಣ್ಣಿನ ಏರಿ ದಾಟಿ ದೊಡ್ಡ ಕೊಳಕ್ಕೆ ಹೋಗಿತ್ತು.

“ಕಾಲ ಬುಡದಲ್ಲೇ ನೀರಿದೆ. ಇಷ್ಟು ಭಾರ ಅಷ್ಟು ದೂರ ಯಾಕೆ ಎಳೆದ? ಈ ಕೊಳದ ಮೀನು ಯಾರಿಗಮ್ಮ?” ಎಂದು ಇನ್ಸ್‌ಪೆಕ್ಟರ್ ಮಾಲೀಕನ ಹೆಂಡತಿಯನ್ನು ಕೇಳಿದ.

“ನಮ್ಮ ಮನೆಗೆ. ಇದು ಬೋರ್‌ವೆಲ್ ನೀರು. ಆ ದೊಡ್ಡದಕ್ಕೆ ಟ್ಯೂಬ್‌ಲೈಟ್ ಕಾರ್ಖಾನೆಯ ನೀರು ಬರುತ್ತೆ. ಅದರ ಮೀನು ನಾವು ತಿನ್ನಲ್ಲ.”

“ಕೆಲಸದವರು?”

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ವಾರವಾರ ಮುದಿ ಮೀನು ನಮ್ಮ ಯಜಮಾನರೇ ಅವರಿಗೆ ಪುಕ್ಕಟೆ ಕೊಡ್ತಿದ್ರು. ವರ್ಷ ಕಳೆದಷ್ಟೂ ಮೀನಿನ ಮೈಯಲ್ಲಿ ಕಾರ್ಖಾನೆಯ ಪಾದರಸ ಸೇರ್ತಾ ಹೋಗುತ್ತಂತೆ. ಮಾರಿದ್ರೆ ತಪಾಸಣೆಯಲ್ಲಿ ಸಿಕ್ಕಿಬೀಳ್ತೀವಿ ಅಂತ…”

ಕೆಲಸದವರನ್ನು ಜೊತೆಗೆ ಕರೆದೊಯ್ದು ಅವರ ಮನೆಗಳನ್ನು ಶೋಧಿಸಿದರು. ಬಲೆ ಎಳೆಯುವವನ ಮನೆಯ ಬಕೆಟ್ಟಿನಲ್ಲಿ ಕೆಂಪು ರೆಕ್ಕೆಯ ಮೀನೊಂದು ಈಜುತ್ತಿತ್ತು. ಆ ಜಾತಿ ಸಣ್ಣ ಕೊಳದಲ್ಲಿ ಮಾತ್ರ ಇತ್ತು. ಪಕ್ಕದಲ್ಲಿ ಅವನ ಆರು ವರ್ಷದ ಮಗಳು ನೀರು ಕುಡಿಯಲು ಒದ್ದಾಡುತ್ತಿದ್ದಳು. ಕೈ ನಡುಗಿ ಲೋಟದ ನೀರೆಲ್ಲ ಎದೆಗೆ ಚೆಲ್ಲುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಕೂತು ಲೋಟ ಹಿಡಿದು ಕುಡಿಸಿದ.

“ಈ ಮೀನು ಎಲ್ಲಿಂದ ತಂದ್ಯೋ?” ಎಂದು ಇನ್ಸ್‌ಪೆಕ್ಟರ್ ಗದರಿದ.

ಬಲೆಯವನು ಸೂರಿನಿಂದ ಚಾಕು ಎಳೆದು ಬೀಸಿದ. ಹೆಡ್ ಕಾನ್‌ಸ್ಟೇಬಲ್‌ನ ತೋಳು ಮೊಣಕೈವರೆಗೆ ಸೀಳಿತು. ಇನ್ಸ್‌ಪೆಕ್ಟರನ ಲಾಠಿ ಬಿದ್ದು ಬಲೆಯವನ ಮಣಿಕಟ್ಟು ಮುರಿಯಿತು. ಆದರೂ ಎಡಗೈಯಿಂದ ಚಾಕು ಹೆಕ್ಕಿದ. ಆಗ ಮಗಳು ಕಿರುಚಿದಳು. ಅದು ಮಾತಾಗಿರಲಿಲ್ಲ, ನಾಲಿಗೆ ಹೊರಳದ ಬರೀ ಸದ್ದು. ಅವನು ಚಾಕು ಕೆಳಗಿಟ್ಟ.

ಬಂಧಿಸಿ ಹೊರತಂದರು. ಕೊಂದ ಜಾಗ ತೋರಿಸಲು ಕರೆದೊಯ್ದಾಗ ಸಣ್ಣ ಕೊಳದ ದಡದಲ್ಲಿ ಅವನೇ ಎಚ್ಚರಿಸಿದ: “ಮೆಲ್ಲಗೆ ಸಾರ್, ಪಾಚಿ ಇದೆ.”

“ಯಾಕೆ ಕೊಂದೆ?”

“ಮಗೂಗೆ ಮೀನು ಬಿಟ್ರೆ ಏನೂ ಸೇರಲ್ಲ. ಡಾಕ್ಟರು ಈ ನಡುಕ ದೊಡ್ಡ ಕೊಳದ ಮೀನಿನ ವಿಷದಿಂದ, ಅದು ಬೇಡ ಅಂದ್ರು. ಇಲ್ಲಿ ಕದ್ದೆ. ಧಣಿ ಹಿಡಿದ್ರು. ವಿಷ ಅಂತ ಗೊತ್ತಿದ್ದೂ ಯಾಕೆ ಕೊಟ್ರಿ ಅಂದೆ. ‘ಸುಮ್ನೆ ಎಸೆಯೋ ಬದಲು ನಿಮ್ಮ ಹೊಟ್ಟೆಗಾದ್ರೂ ಆಗಲಿ ಅಂತ ಕೊಟ್ಟೆ ಕಣೋ’ ಅಂದು ನಕ್ಕರು. ನನ್ನ ಕೈಯಲ್ಲಿ ಕೊಡತಿ ಇತ್ತು.”

“ಹೆಣ ಅಷ್ಟು ದೂರ ಯಾಕೆ ಎಳೆದೆ?”

ಬಲೆಯವನು ತಿಳಿನೀರಿನ ಕಡೆ ನೋಡಿದ.

“ಇದರಲ್ಲಿ ಹಾಕೋಕಾಗುತ್ತಾ ಸಾರ್? ಮಗು ತಿನ್ನೋ ಮೀನಿದೆ.”