ಬೇಕರಿ ಯೋಸ್ತನ ಬೂಟುಗಳು

ಅಕ್ಟೋಬರ್ ಒಂಬತ್ತರ ಬೆಳಿಗ್ಗೆ ಎಂಟಕ್ಕೆ ಸಿವೆರ್ನ ಠಾಣೆಗೆ ದೂರು ಬಂತು. ದೂರಿನ ಜೊತೆಗೇ ಆರೋಪಿಯೂ ಬಂದ. ಕೈ ಕಟ್ಟಿಸಿಕೊಂಡು ಮೂಗಲ್ಲಿ ರಕ್ತ ಸುರಿಸುತ್ತ ನಿಂತಿದ್ದವನು ಬಯಲಿನಿಂದ ಬಂದು ನೆಲೆಸಿದ್ದ ಶಾಲೆಯ ಮೇಷ್ಟ್ರು ಮಿಲೆನ್. ಎಳೆತಂದವನು ಗಾವ್ರೊ, ಪ್ರತ್ಯೇಕ ಗುಡ್ಡನಾಡು ಚಳವಳಿಯ ಊರ ಕಾರ್ಯದರ್ಶಿ.

"ನಮ್ಮ ದೊಡ್ಡಪ್ಪನ ಮಗ, ಬೇಕರಿ ಯೋಸ್ತನ್ನ ಈ ಕೆಂಪು ನಾಯಿ ಗುಂಡಿಟ್ಟು ಕೊಂದಿದಾನೆ. ಬರ್ಕೊಳ್ಳಿ ಸಾಹೇಬ್ರೆ. ಸಂಜೆ ಶವಯಾತ್ರೆ, ಆಮೇಲೆ ಚೌಕದಲ್ಲೇ ಇವನಿಗೆ ನೇಣು."

"ಬೇಕರಿ ಒಳಗೆ ಹೋಗಿದ್ರಾ?" ಇನ್‌ಸ್ಪೆಕ್ಟರ್ ರಾದ್ವಾನ್ ಕೇಳಿದ.

"ಇಲ್ಲ. ಕಿಟಕೀಲಿ ನೋಡ್ದೆ ಅಷ್ಟೇ. ಸಾಕ್ಷ್ಯ ಹಾಳಾಗಬಾರ್ದಲ್ಲ?"

ಬಯಲಿನ ಕಮ್ಯುನಿಸ್ಟ್ ಸರ್ಕಾರದಿಂದ ಗುಡ್ಡನಾಡು ಸಿಡಿದು ಬೇರೆಯಾಗಿ ಎರಡು ವರ್ಷವಾಗಿತ್ತು. ರಾದ್ವಾನನಿಗೆ ಸಂಬಳ ಕೊಡುತ್ತಿದ್ದುದೂ ಇದೇ ಚಳವಳಿ. ಆದರೂ ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರಿನ ಜಾಗ ಖಾಲಿ ಬಿಟ್ಟು, ಮೇಷ್ಟ್ರನ್ನು ಲಾಕಪ್ಪಿಗೆ ಕಳಿಸಿ, ಕಾನ್‌ಸ್ಟೆಬಲ್ ಲೂಬೊನೊಂದಿಗೆ ಪಂಚನಾಮೆಗೆ ಹೊರಟ.

ಯೋಸ್ತ್ ಒಲೆಯ ಮುಂದೆ ಬೋರಲು ಬಿದ್ದಿದ್ದ. ಗುಂಡು ಹಿಂದಿನಿಂದ ಕುತ್ತಿಗೆಗೆ ಹೊಕ್ಕಿತ್ತು. ಗೋಡೆಯ ಮೇಲೆ ಕೆಂಪು ನಕ್ಷತ್ರ, ಬಣ್ಣ ಇನ್ನೂ ಒಣಗಿರಲಿಲ್ಲ. ಹೆಣದ ಕಾಲು ಬರಿದಾಗಿತ್ತು. ಬೂಟುಗಳು ಹೊಸ್ತಿಲ ಬಳಿ, ಮೂತಿ ಹೊರಗೆ ಮಾಡಿ, ಒಪ್ಪವಾಗಿ ಕೂತಿದ್ದವು.

"ಕೆಂಪಿನೋರಾಗಿದ್ರೆ ಹೊತ್ಕೊಂಡು ಹೋಗ್ತಿದ್ರು ಸಾರ್. ಪಾಪ, ಅವರಿಗೆಲ್ಲಿ ಬೂಟು?" ಎಂದ ಲೂಬೊ.

ತವರಿನಿಂದ ಆಗಷ್ಟೇ ಬಂದ ಯೋಸ್ತನ ಹೆಂಡತಿ ಇಲ್ಕಾ ಬಾಗಿಲಲ್ಲೇ ಕುಸಿದಿದ್ದಳು.

"ಬೂಟು ಬಿಚ್ಚಿದ್ದು ನೀವೇನಮ್ಮಾ?"

"ಹೆಂಡ್ತಿ ಬಿಚ್ಚೋ ಹಾಗಿದ್ಯಾ? ನೀವೂ ಈ ಗುಡ್ಡದೋರೇ ತಾನೆ? ರಕ್ತಸಂಬಂಧಿಕರೇ ಬಿಚ್ಚಿಡಬೇಕು, ಇಲ್ಲಾಂದ್ರೆ ಸತ್ತೋರು ಅಲೀತಾರೆ. ಅವ್ರಿಗಿದ್ದದ್ದು ಗಾವ್ರೊ ಒಬ್ನೇ. ಪುಣ್ಯಾತ್ಮ, ಅದೊಂದಾದ್ರೂ ಮಾಡಿದಾನೆ."

ರಾದ್ವಾನ್ ಲೂಬೊನನ್ನು ಕರೆದುಕೊಂಡು ಚೌಕಕ್ಕೆ ನಡೆದ.

ಗಾವ್ರೊ ಚೌಕದಲ್ಲಿ ಭಾಷಣದ ವೇದಿಕೆಗೆ ಕಪ್ಪು ಬಟ್ಟೆ ಕಟ್ಟಿಸುತ್ತಿದ್ದ. ಪಕ್ಕದಲ್ಲಿ ಚಳವಳಿಯ ಸೈನ್ಯಕ್ಕೆ ಸೇರುವವರ ಹೆಸರು ಬರೆಸಲು ಮೇಜು. ರಾದ್ವಾನ್ ಅವನನ್ನು ವೇದಿಕೆಯ ಹಿಂದಕ್ಕೆ ಕರೆದ.

"ಒಳಗೆ ಕಾಲಿಟ್ಟಿಲ್ಲ ಅಂದ್ರಿ. ಬೂಟು ಬಿಚ್ಚಿದ್ದು ಯಾರು?"

"ಆ ಮೇಷ್ಟ್ರೇ ಇರ್ಬೇಕು."

"ಬಯಲಿನವನು ನಮ್ಮ ಶಾಸ್ತ್ರ ಮಾಡ್ತಾನಾ?"

ಲೂಬೊ ಅವನ ಕೈ ಹಿಡಿದು ತಿರುಗಿಸಿದ. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ. ಸೊಂಟದ ಪಿಸ್ತೂಲಿನಲ್ಲಿ ಒಂದು ಗುಂಡು ಕಡಿಮೆಯಿತ್ತು.

"ಥೂ! ಮನುಷ್ಯನೇನಯ್ಯಾ ನೀನು?" ಎಂದು ಲೂಬೊ ಉಗಿದ.

"ಬೂಟಲ್ಲೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ," ಗಾವ್ರೊ ಗೊಣಗಿದ. "ಅಣ್ಣ ಅಲ್ವಾ."

ಬೆನ್ನ ಹಿಂದೆ ನಿಂತು ಗುಂಡು ಹೊಡೆದವನಿಗೆ ಅಣ್ಣನ ಮೇಲೆ ಅದೆಂಥ ಪ್ರೀತಿ! ರಾದ್ವಾನನಿಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ಬೇಡಿ ಹಾಕಿಸಿ, ಊರವರ ಕಣ್ಣಿಗೆ ಬೀಳದಂತೆ ಹಿಂದಿನ ಓಣಿಯಿಂದ ಠಾಣೆಗೆ ತಂದು, ಮೊದಲು ಮೇಷ್ಟ್ರ ಹಗ್ಗ ಬಿಚ್ಚಿಸಿದ. ಮಿಲೆನ್ ಎದ್ದು ನಿಲ್ಲಲು ಹೋಗಿ ಎರಡು ಸಲ ಮುಗ್ಗರಿಸಿದ. ಅವನನ್ನು ಹಿತ್ತಲ ಬಾಗಿಲಿನಿಂದ ಕಳಿಸಿ, ಗಾವ್ರೊನ ಹೇಳಿಕೆ ಬರೆಸಿಕೊಂಡರು.

ಬೇಸಿಗೆಯಿಂದ ಊರಿನ ಒಬ್ಬನೂ ಸೈನ್ಯಕ್ಕೆ ಸೇರಿರಲಿಲ್ಲ. ಜನರ ರಕ್ತ ಕುದಿಯಲು ಒಂದು ಹೆಣ ಬೇಕಾಗಿತ್ತು.

"ಯೋಸ್ತನೇ ಯಾಕೆ?"

"ಊರೆಲ್ಲ ಅಳೋ ಅಂಥ ಮನುಷ್ಯ ಇನ್ಯಾರಿದ್ರು?"

ಹೇಳಿಕೆಗೆ ಸಹಿ ಹಾಕಿದವನು ಬೇಡಿಯ ಕೈಯಿಂದಲೇ ಕಿಟಕಿಯತ್ತ ತೋರಿಸಿದ. "ಚೌಕದಲ್ಲಿ ಹೆಸರು ಬರೆಸೋಕೆ ಯಾರಾದ್ರೂ ಬಂದ್ರಾ?"

ಲೂಬೊ ಬಗ್ಗಿ ನೋಡಿದ. "ಕೊಂದಿದ್ದು ಕೆಂಪಿನೋರೇ ಅಂತ ಜನ ಇನ್ನೂ ನಂಬಿದಾರೆ. ಸಾಲು ಚರ್ಚು ದಾಟಿದೆ ಸಾರ್," ಎಂದ, ರಾದ್ವಾನನಿಗೆ.

ಗಾವ್ರೊ ಸಮಾಧಾನದಿಂದ ಗೋಡೆಗೊರಗಿ ಕೂತ.