ಮುಗಿಸಿಕೊಂಡು ಹೊರಡು ಎಂಬ ಸಿಗ್ನಲ್

"ನನ್ನ ಪ್ರೋಗ್ರಾಮನ್ನ ಕೊಂದಿದ್ದು ನೀವೇನಾ?"

ಸರ್ವರ್ ರೂಮಿನ ಫ್ಯಾನುಗಳ ಭೋರ್ಗರೆತದಲ್ಲಿ ಅವಳಿಗೆ ಅರ್ಧವಷ್ಟೇ ಕೇಳಿಸಿತು. "ಜೋರಾಗಿ ಹೇಳಿ."

ಅವನು ಜೋರಾಗಿಯೇ ಹೇಳಿದ. ವಾರಗಟ್ಟಲೆ ಓಡಿದ್ದ ಲೆಕ್ಕ ಮಣ್ಣುಪಾಲಾಗಿತ್ತು.

ಸಂಶೋಧನಾ ಸಂಸ್ಥೆಯ ದೊಡ್ಡ ಕಂಪ್ಯೂಟರನ್ನು ನೋಡಿಕೊಳ್ಳುವುದು ಅವಳ ಕೆಲಸ. ಮೆಮೊರಿಯನ್ನೆಲ್ಲ ಕಬಳಿಸಿ ಕೂರುವ ಪ್ರೋಗ್ರಾಮುಗಳನ್ನು ನಿಲ್ಲಿಸುವವಳೂ ಅವಳೇ ಆದ್ದರಿಂದ ಬೆನ್ನ ಹಿಂದೆ ಎಲ್ಲರೂ ಯಮ ಮೇಡಂ ಎನ್ನುತ್ತಿದ್ದರು. ಅವನು ಯಾವ ಕೂಗು ಯಾವ ಹಕ್ಕಿಯದೆಂದು ಕಂಪ್ಯೂಟರಿಗೆ ಕಲಿಸುತ್ತಿದ್ದ. ಹಾಗಾಗಿ ಹಕ್ಕಿ ಮೇಷ್ಟ್ರು.

"ಮೊದಲು ಮರ್ಯಾದೆಯಾಗೇ ಕೇಳ್ದೆ," ಎಂದಳು. "ಟರ್ಮ್ ಅನ್ನೋ ಸಿಗ್ನಲ್ ಕಳಿಸಿದೆ. ಕೆಲಸ ಮುಗಿಸ್ಕೊಂಡು ಹೊರಡಪ್ಪ ಅಂತ ಅದರ ಅರ್ಥ. ನಿಮ್ಮ ಪ್ರೋಗ್ರಾಮ್ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಆಮೇಲೇ ಕಿಲ್ ಕಳಿಸಿದ್ದು. ಅದನ್ನ ಯಾವ ಪ್ರೋಗ್ರಾಮೂ ತಡೆಯೋಕಾಗಲ್ಲ. ಆಪರೇಟಿಂಗ್ ಸಿಸ್ಟಮ್ಮೇ ಕತ್ತು ಹಿಡಿದು ಆಚೆ ಹಾಕುತ್ತೆ."

"ಮೊದಲನೇದನ್ನ ಯಾಕೆ ಕೇಳಿಸ್ಕೊಳ್ಳಲಿಲ್ಲ ಅದು?"

"ಕೇಳಬೇಡ ಅಂತ ನೀವೇ ಬರೆದಿದ್ದೀರಿ."

ಅವನು ಬಗ್ಗಿ ಸ್ಕ್ರೀನ್ ನೋಡಿದ. ಗೆಳೆಯನಿಂದ ತಂದು ಓದದೆಯೇ ಅಂಟಿಸಿದ್ದ ಕೋಡಿನಲ್ಲಿ ಆ ಸಾಲು ಕಣ್ಣಿಗೆ ಹೊಡೆಯುವಂತೆ ಕೂತಿತ್ತು. ಅವನ ಕಿವಿಯ ತುದಿ ಕೆಂಪಾಗುವುದನ್ನು ಅವಳು ನೋಡಿಯೂ ನೋಡದಂತಿದ್ದಳು.

"ಕೂತ್ಕೊಳ್ಳಿ. ಸರಿ ಮಾಡೋಣ."

ಹೊರಡು ಎಂಬ ಸಿಗ್ನಲ್ ಬಂದರೆ ಅಲ್ಲಿಯವರೆಗೆ ಕಲಿತದ್ದನ್ನು ಡಿಸ್ಕಿಗೆ ಬರೆದಿಟ್ಟು, ಆಮೇಲೆ ನಿಲ್ಲುವಂತೆ ಇಬ್ಬರೂ ಸೇರಿ ತಿದ್ದಿದರು.

ಅಂದಿನಿಂದ ಅವನಿಗೆ ಅನುಮಾನಗಳು ಹೆಚ್ಚಾದವು. ಅರ್ಧಕ್ಕರ್ಧಕ್ಕೆ ಉತ್ತರ ಅವನಿಗೆ ಮೊದಲೇ ಗೊತ್ತು ಎಂದು ಅವಳಿಗೂ ಗೊತ್ತಿತ್ತು.

"ಸ್ಟಾಪ್ ಸಿಗ್ನಲ್ ಕಳಿಸಿದ್ರೆ ಪ್ರೋಗ್ರಾಮ್ ಸಾಯುತ್ತಾ?"

"ಇಲ್ಲ. ಇದ್ದಲ್ಲೇ ನಿಲ್ಲುತ್ತೆ. ಕಂಟಿನ್ಯೂ ಅಂದ್ರೆ ಅಲ್ಲಿಂದಲೇ ಮುಂದುವರಿಯುತ್ತೆ."

"ನಡುವೆ ಎಷ್ಟು ಹೊತ್ತು ಹೋಯ್ತು ಅಂತ ಅದಕ್ಕೆ ಗೊತ್ತಾಗುತ್ತಾ?"

"ಗಡಿಯಾರ ನೋಡಿದ್ರೆ ಗೊತ್ತಾಗುತ್ತೆ. ನೀವೂ ಒಂದ್ಸಲ ನೋಡಿ. ಕ್ಯಾಂಟೀನ್ ಮುಚ್ತಾರೆ."

ಹೀಗೆ ಊಟ, ಚಹಾ, ಬಸ್‌ಸ್ಟಾಪಿನವರೆಗಿನ ನಡಿಗೆ ಜೊತೆಜೊತೆಗೇ ಆಗತೊಡಗಿದವು. ಬಸ್ಸು ಬೇಗ ಬಂದ ದಿನ ಇಬ್ಬರಿಗೂ ಏನೋ ಬಾಕಿ ಉಳಿದಂತಾಗುತ್ತಿತ್ತು. ಅದನ್ನು ಬಾಯಿಬಿಟ್ಟು ಆಡಿದವರು ಮಾತ್ರ ಯಾರೂ ಇಲ್ಲ.

ಅಷ್ಟರಲ್ಲಿ ಅವಳ ಅಕ್ಕ ತನ್ನ ಗಂಡನ ಗೆಳೆಯನೊಬ್ಬನನ್ನು ಭಾನುವಾರ ಊಟಕ್ಕೆ ಕರೆದಳು. ಹುಡುಗ ಒಳ್ಳೆಯವನು, ನೀನೂ ಬಾ, ಒಪ್ಪಿಗೆಯಾದರೆ ಮುಂದಿನ ಮಾತು ಎಂದಳು. ಇದನ್ನು ಅವಳು ಕ್ಯಾಂಟೀನಿನಲ್ಲಿ ಹೇಳಿ, ಎದುರಿಗಿದ್ದವನ ಮುಖವನ್ನೇ ನೋಡಿದಳು.

ಅವನು ಚಹಾ ಕಲಕಿದ. "ಒಳ್ಳೇದಾಯ್ತಲ್ಲ," ಎಂದ.

ಅವಳು ತನ್ನ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು. ಆ ವಾರವೆಲ್ಲ ಬಸ್‌ಸ್ಟಾಪಿಗೆ ಒಬ್ಬಳೇ ನಡೆದಳು.

ಶುಕ್ರವಾರ ಮಧ್ಯಾಹ್ನ ಸರ್ವರ್ ರೂಮಿನ ಎಸಿ ಕೆಟ್ಟಿತು. ನೋಡನೋಡುತ್ತಲೇ ಯಂತ್ರಗಳು ಕಾದವು. ರಿಪೇರಿಯವನು ಬರುವಷ್ಟರಲ್ಲಿ ಎಲ್ಲವನ್ನೂ ಆರಿಸಲೇಬೇಕಿತ್ತು. ಹಕ್ಕಿ ಮೇಷ್ಟ್ರು ಓಡಿಬಂದಾಗ ಅವಳು ಒಂದೊಂದೇ ಪ್ರೋಗ್ರಾಮಿಗೆ ಹೊರಡು ಎಂಬ ಸಿಗ್ನಲ್ ಕಳಿಸುತ್ತಿದ್ದಳು. ಕೊನೆಗೆ ಉಳಿದದ್ದು ಅವನದು. ಅವಳ ಬೆರಳು ಕೀಬೋರ್ಡಿನ ಮೇಲೆ ಸುಮ್ಮನೆ ನಿಂತಿತು.

"ಯಾಕೆ?" ಎಂದು ಕೂಗಿದ.

"ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ನಿಮ್ಮದು ಮುಗಿಯುತ್ತೆ. ನಾವು ತಿದ್ದಿದ್ದು ಕೈಕೊಟ್ಟರೆ ಎಲ್ಲಾ ಮೊದಲಿಂದ."

"ಅಷ್ಟರಲ್ಲಿ ಡಿಸ್ಕ್ ಸುಟ್ಟುಹೋದ್ರೆ ಎಲ್ಲರದ್ದೂ ಹೋಗುತ್ತೆ. ಕಳಿಸಿ. ಹೋದ್ರೆ ಹೋಗಲಿ."

ಅವಳು ಕಳಿಸಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ 'ಉಳಿಸಲಾಗಿದೆ' ಎಂಬ ಸಾಲು ಮೂಡಿ, ಪ್ರೋಗ್ರಾಮು ತಾನಾಗಿಯೇ ನಿಂತಿತು. ಇಬ್ಬರೂ ಒಟ್ಟಿಗೇ ಉಸಿರುಬಿಟ್ಟರು. ಅವಳು ಯಂತ್ರಗಳನ್ನು ಆರಿಸಿದಳು. ಫ್ಯಾನುಗಳು ಒಂದಾದ ಮೇಲೊಂದು ಅಡಗಿ ಕೋಣೆ ನಿಶ್ಶಬ್ದವಾಯಿತು.

"ಈ ರೂಮಲ್ಲಿ ನಿಮ್ಮ ಹತ್ರ ಮೆಲ್ಲಗೆ ಮಾತಾಡಿದ್ದೇ ಇಲ್ಲ," ಎಂದ ಅವನು.

"ಈಗ ಮಾತಾಡಿ."

ಅವನ ಕಿವಿ ಕೆಂಪಾಯಿತು. ಈ ಸಲ ಅವಳು ನೋಡಿಕೊಂಡೇ ನಿಂತಳು.

"ಒಳ್ಳೇದಾಯ್ತು ಅಂದಿದ್ದು ಸುಳ್ಳು," ಎಂದ. "ಭಾನುವಾರ ನೀವು ಹೋಗಬೇಡಿ. ನಿಮ್ಮನ್ನ ಬಿಟ್ಟು ಇರೋಕೆ ನನಗಾಗಲ್ಲ."

"ಅದನ್ನ ಹೇಳೋಕೆ ಎಸಿ ಕೆಡಬೇಕಾಯ್ತಾ?"

"ಹೆದರಿಕೆಯಾಗ್ತಿತ್ತು."

"ನನಗೂ," ಎಂದಳು. ಬೆವರಿದ ಅವನ ಕೈ ಹಿಡಿದುಕೊಂಡಳು. ಅದನ್ನು ಬಿಡದೆ, ಇನ್ನೊಂದು ಕೈಯಲ್ಲಿ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಭಾವನ ಫ್ರೆಂಡಿಗೆ ಬೇಡ ಅಂತ ಹೇಳ್ಬಿಡು. ಊಟಕ್ಕೆ ನಾನೇ ಒಬ್ಬರನ್ನ ಕರ್ಕೊಂಡು ಬರ್ತೀನಿ."

 ಅಕ್ಕನ ದನಿ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು. "ಆ ಹಕ್ಕಿಯವರು ತಾನೇ? ಆರು ತಿಂಗಳಿಂದ ಅವರ ಸುದ್ದಿ ಬಿಟ್ಟು ಬೇರೆ ಏನಾದ್ರೂ ಮಾತಾಡಿದ್ದೀಯಾ ನೀನು? ಹಾಗಾದ್ರೂ ಇಬ್ಬರೂ ಬಾಯಿಬಿಡ್ತೀರಿ ಅಂತಾನೇ ಅಲ್ವಾ ನಾನು ಇನ್ನೊಬ್ಬನನ್ನ ಊಟಕ್ಕೆ ಕರೆದಿದ್ದು."